ಇಬ್ಬರು ಪುಟ್ಟ ಮಕ್ಕಳಿಗೆ ಯೂನಿಫಾರ್ಮ್: ಎಷ್ಟು ಜೊತೆ ಬೇಕು, ವರ್ಷಪೂರ್ತಿ ಬಾಳಿಸುವುದು ಹೇಗೆ?

ಆರು ವರ್ಷದ ಮಗಳು, ನಾಲ್ಕು ವರ್ಷದ ಮಗ, ಇಬ್ಬರಿಗೂ ಒಟ್ಟಿಗೆ ಯೂನಿಫಾರ್ಮ್ ತಗೊಳ್ಳಬೇಕು, ಶಾಲೆಯವರು ಒಬ್ಬೊಬ್ಬರಿಗೆ ಐದು ಜೊತೆ ಅಂತಿದ್ದಾರೆ, ಕೈ ಬಿಗಿ ಇದೆ, ಎರಡು ಸೈಜ್ ದೊಡ್ಡದು ಕೊಂಡರೆ ಎರಡು ವರ್ಷ ಬರುತ್ತಾ ಅಂತ ಕೇಳಿದ್ದೀರಿ. ಐದು ಜೊತೆ ಬೇಡ. ಎರಡು ಸೈಜ್ ದೊಡ್ಡದಂತೂ ಬೇಡವೇ ಬೇಡ. ನನ್ನ ಇಬ್ಬರು ಮಕ್ಕಳ ಯೂನಿಫಾರ್ಮ್ ಒಗೆದು, ಬಿಚ್ಚಿ, ಹೊಲಿದು ತಿಳಿದದ್ದನ್ನು ಬರೆಯುತ್ತೇನೆ.

ಜೊತೆ ಲೆಕ್ಕದಲ್ಲಿ ಕೊಳ್ಳುವುದರಿಂದಲೇ ಅರ್ಧ ದುಡ್ಡು ಹೋಗುತ್ತದೆ. ಶರ್ಟು ದಿನಾ ಕೊಳೆಯಾಗುತ್ತದೆ. ಕಾಲರಿಗೆ ಬೆವರು, ಎದೆಗೆ ಊಟ, ತೋಳಿಗೆ ಮೂಗು. ಚಡ್ಡಿ, ಸ್ಕರ್ಟು ಹಾಗಲ್ಲ. ಗಾಢ ಬಣ್ಣದ್ದಾದರೆ ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿ ಗಾಳಿಗೆ ಹಾಕಿದರೆ ಮಾರನೇ ದಿನಕ್ಕೂ ಆಗುತ್ತದೆ. ಹಾಗಾಗಿ ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆ ಎಣಿಸಿ. ಮಗಳಿಗೆ ಮೂರು ಶರ್ಟು, ಎರಡು ಸ್ಕರ್ಟು ಸಾಕು. ಮಗನಿಗೆ ನಾಲ್ಕು ಶರ್ಟು, ಎರಡು ಚಡ್ಡಿ ಇರಲಿ, ಆ ವಯಸ್ಸಿನಲ್ಲಿ ಒಂದು ಶರ್ಟು ಬ್ಯಾಗಿನಲ್ಲೇ ಇರಬೇಕಾಗುತ್ತದೆ. ದಿನ ಬಿಟ್ಟು ದಿನ ಒಗೆಯುವ ಮನೆಗೆ ಇದು ಸರಿಹೋಗುತ್ತದೆ. ವಾರಕ್ಕೊಮ್ಮೆ ಮಾತ್ರ ಒಗೆಯುತ್ತೀರಿ ಅಂದರೆ ಶರ್ಟು ಮಾತ್ರ ಐದು ಮಾಡಿ.

ಇನ್ನೊಂದು ಮಾತು. ಎಲ್ಲವನ್ನೂ ಒಂದೇ ದಿನ ಕೊಳ್ಳಬೇಡಿ. ಬಿಳಿ ಶರ್ಟು ಒಂದೊಂದನ್ನು ಅರ್ಧ ವರ್ಷದ ಹೊತ್ತಿಗೆ ಅಂತ ಬಿಟ್ಟುಬಿಡಿ. ಅಷ್ಟರಲ್ಲಿ ಮಗು ಎಷ್ಟು ಬೆಳೆದಿದೆ, ಯಾವುದು ಬೇಗ ಹಾಳಾಗುತ್ತಿದೆ ಅಂತ ನಿಮಗೇ ಗೊತ್ತಾಗಿರುತ್ತದೆ. ಬಣ್ಣದ ಬಟ್ಟೆ ಮಾತ್ರ ಒಂದೇ ಸಲ ತಗೊಳ್ಳಿ. ಬಣ್ಣ ಹಾಕುವಾಗ ಒಂದು ಸರತಿಗೂ ಇನ್ನೊಂದಕ್ಕೂ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಅಂಗಡಿಯ ಬೆಳಕಿನಲ್ಲಿ ಒಂದೇ ಥರ ಕಂಡ ಎರಡು ನೀಲಿ, ಹೊರಗೆ ಬಿಸಿಲಿಗೆ ಬಂದರೆ ಅಕ್ಕಪಕ್ಕದಲ್ಲಿ ನಿಲ್ಲುವುದಿಲ್ಲ. ಶಾಲೆಯ ಗುರುತು ಇರುವುದನ್ನು ಮಾತ್ರ ಅವರು ಹೇಳಿದ ಕಡೆ ಕೊಂಡು, ಸಾದಾ ಬಿಳಿ ಶರ್ಟು, ಸಾದಾ ಸಾಕ್ಸ್ ಹೊರಗಡೆ ತಗೊಳ್ಳಬಹುದಾ ಅಂತ ಒಮ್ಮೆ ಕೇಳಿ ನೋಡಿ. ಬ್ಯಾಡ್ಜ್ ಬೇರೆ ಸಿಕ್ಕಿದರೆ ಮನೆಯಲ್ಲೇ ಹೊಲಿದುಕೊಳ್ಳಬಹುದು. ಕೇಳೋಕೆ ಸಂಕೋಚ ಬೇಡ. ನಿಮ್ಮ ಹಾಗೆ ಇನ್ನೂ ಹತ್ತು ಜನ ಕೇಳಬೇಕು ಅಂದುಕೊಂಡು ಸುಮ್ನಿರುತ್ತಾರೆ.

ಈಗ ಸೈಜಿನ ವಿಷಯ. ನಾಲ್ಕರಿಂದ ಹತ್ತು ವರ್ಷದ ನಡುವೆ ಮಕ್ಕಳು ವರ್ಷಕ್ಕೆ ಹೆಚ್ಚುಕಮ್ಮಿ 5–6 ಸೆಂಟಿಮೀಟರ್ ಎತ್ತರ ಬೆಳೆಯುತ್ತಾರೆ. ಎತ್ತರದ ಮೇಲೆ ಸೈಜ್ ಕೊಡುವ ಬಟ್ಟೆಗಳಲ್ಲಿ 104, 110, 116, 122 ಅಂತ 6 ಸೆಂಟಿಮೀಟರ್ ಅಂತರ ಇರುವುದೂ ಅದಕ್ಕೇ. ಅಂದರೆ ಒಂದು ಸೈಜ್ ದೊಡ್ಡದು ಅಂದರೆ ಒಂದು ವರ್ಷದ ಬೆಳವಣಿಗೆ. ಎರಡು ಸೈಜ್ ದೊಡ್ಡದು ಹಾಕಿದರೆ ಭುಜದ ಹೊಲಿಗೆ ತೋಳಿನ ಮೇಲೆ ಜಾರುತ್ತದೆ, ಕಾಲರ್ ಕತ್ತಿನಿಂದ ದೂರ ನಿಲ್ಲುತ್ತದೆ, ಚಡ್ಡಿಯ ನಡುಭಾಗ ತೊಡೆಯವರೆಗೆ ಜೋತು ಓಡುವಾಗೆಲ್ಲಾ ಉಜ್ಜಿ ಸವೆಯುತ್ತದೆ. ಮಗು ಆ ಬಟ್ಟೆಗೆ ಸರಿಯಾಗುವ ಹೊತ್ತಿಗೆ ಬಟ್ಟೆ ಮಗುವಿಗೆ ಸರಿ ಇರುವುದಿಲ್ಲ. ಎರಡು ವರ್ಷ ಬರಲಿ ಅಂತ ಕೊಂಡದ್ದು ಒಂದು ವರ್ಷ ಚೆನ್ನಾಗಿ ಕಾಣದೆ, ಇನ್ನೊಂದು ವರ್ಷ ಬಾಳದೆ ಹೋಗುತ್ತದೆ.

ನಾನು ನೋಡುವುದು ಭುಜ. ಭುಜ ಈಗಿನ ಅಳತೆಗೆ ಇರಲಿ, ಬೇಕಿದ್ದರೆ ಒಂದು ಸೆಂಟಿಮೀಟರ್ ಜಾಸ್ತಿ. ಉದ್ದ ಮಾತ್ರ ಮುಂದಿನ ವರ್ಷಕ್ಕೂ ಸೇರಿಸಿ ಇರಲಿ. ಉದ್ದವನ್ನು ಮಡಚಿ ಹೊಲಿಯಬಹುದು, ಮತ್ತೆ ಬಿಚ್ಚಬಹುದು. ಭುಜವನ್ನು ಹಾಗೆ ಮಾಡೋಕೆ ಆಗಲ್ಲ. ಲೇಬಲ್ಲಿನಲ್ಲಿರುವ ವಯಸ್ಸನ್ನು ನಂಬಬೇಡಿ, ಮಗುವಿಗೆ ಸರಿಯಾಗಿ ಕೂರುವ ಹಳೇ ಶರ್ಟನ್ನೇ ಅಂಗಡಿಗೆ ಒಯ್ದು ಮೇಲಿಟ್ಟು ನೋಡಿ. ಮಕ್ಕಳನ್ನು ಎಳೆದುಕೊಂಡು ಹೋಗುವುದಕ್ಕಿಂತ ಅದು ಎಷ್ಟೋ ಸುಲಭ.

ಅಂಗಡಿಯಲ್ಲಿ ಸ್ಕರ್ಟು, ಪ್ಯಾಂಟು ಕೈಗೆ ಬಂದ ಕೂಡಲೇ ತಿರುಗಿಸಿ ಕೆಳ ಅಂಚು ನೋಡಿ. ಒಳಗೆ ಮಡಚಿದ ಬಟ್ಟೆ ಎರಡು ಬೆರಳು ಅಗಲವೂ ಇಲ್ಲದಿದ್ದರೆ ಅದು ಆ ವರ್ಷಕ್ಕಷ್ಟೇ. ನಾಲ್ಕು ಬೆರಳು, ಅಂದರೆ 6–7 ಸೆಂಟಿಮೀಟರ್ ಸಿಕ್ಕಿದರೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಬಿಡಬೇಡಿ. ಟೈಲರ್ ಹತ್ತಿರ ಹೊಲಿಸುವುದಾದರೆ ಮೊದಲೇ ಇದನ್ನು ಹೇಳಿ. ಸೊಂಟದ ಪಕ್ಕದ ಹೊಲಿಗೆಯಲ್ಲೂ ಎರಡೂ ಕಡೆ ಸ್ವಲ್ಪ ಬಟ್ಟೆ ಬಿಡಲಿ. ಉದ್ದದ್ದನ್ನು ಕೊಂಡು ಮನೆಯಲ್ಲೇ ಮಡಚುವುದಾದರೆ ಆ ಅಂಚನ್ನು ಮಿಷನ್ನಿನಲ್ಲಿ ಹೊಲಿಯಬೇಡಿ. ಕೈಯಲ್ಲಿ, ಬಟ್ಟೆಯ ಒಂದೆರಡು ಎಳೆಗೆ ಮಾತ್ರ ಸೂಜಿ ಚುಚ್ಚಿ, ಸಡಿಲವಾಗಿ ಹೆಮ್ಮಿಂಗ್ ಮಾಡಿ. ಮಿಷನ್ ಹೊಲಿಗೆ ಬಿಚ್ಚಿದರೆ ತೂತುಗಳ ಸಾಲು ಉಳಿಯುತ್ತದೆ, ಕೈಹೊಲಿಗೆ ಬಿಚ್ಚಿದರೆ ಮಡಿಕೆಯ ಗೆರೆ ಮಾತ್ರ. ಆ ಗೆರೆಗೆ ವಿನೆಗರ್ ಮತ್ತು ನೀರು ಸಮ ಸೇರಿಸಿ ಒದ್ದೆ ಮಾಡಿ, ಮೇಲೆ ತೆಳು ಬಟ್ಟೆ ಹಾಸಿ ಇಸ್ತ್ರಿ ಒತ್ತಿದರೆ ಬಹುಪಾಲು ಮಾಯವಾಗುತ್ತದೆ. ಬಣ್ಣ ಬಿಡುತ್ತದೋ ಅಂತ ಒಳಗಡೆ ಒಂದು ಮೂಲೆಯಲ್ಲಿ ಮೊದಲು ನೋಡಿಕೊಳ್ಳಿ. ಎಷ್ಟೋ ದಿನ ಬಿಸಿಲು ಕಂಡು ಮಾಸಿದ ಬಟ್ಟೆಯಾದರೆ ಮಡಿಕೆ ಒಳಗಿದ್ದ ಭಾಗ ಗಾಢವಾಗಿ ಕಾಣುತ್ತದೆ, ಅದಕ್ಕೆ ವಿನೆಗರ್ ಏನೂ ಮಾಡಲ್ಲ. ಅದಕ್ಕೇ ಗಾಢ ಬಣ್ಣದ್ದನ್ನು ಮೊದಲ ದಿನದಿಂದ ತಿರುವಿ ಒಣಹಾಕಬೇಕು.

ಬಟ್ಟೆ ಯಾವುದು? ಕಾಟನ್ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಮೈಗೆ ಹಿತ, ನಿಜ. ಆದರೆ ನಿಧಾನಕ್ಕೆ ಒಣಗುತ್ತದೆ, ಸುಕ್ಕಾಗುತ್ತದೆ, ಮೊದಲೇ ಕುಗ್ಗಿಸಿರದಿದ್ದರೆ ಮೊದಲ ಒಗೆತದಲ್ಲೇ ನೂರಕ್ಕೆ 3ರಿಂದ 5ರಷ್ಟು ಕುಗ್ಗಬಹುದು. 50 ಸೆಂಟಿಮೀಟರ್ ಉದ್ದದ ಶರ್ಟಿಗೆ ಅದು ಸುಮಾರು ಎರಡು ಸೆಂಟಿಮೀಟರ್. ಪಾಲಿಯೆಸ್ಟರ್ ಜಾಸ್ತಿ ಇದ್ದರೆ ಬೇಗ ಒಣಗುತ್ತದೆ, ನೆರಿಗೆ ನಿಲ್ಲುತ್ತದೆ, ಆದರೆ ಬೆವರಿನ ವಾಸನೆ, ಎಣ್ಣೆ ಕಲೆ ಹಿಡಿದುಕೊಳ್ಳುತ್ತದೆ, ಉಜ್ಜುವ ಕಡೆ ಜುಂಗು ಏಳುತ್ತದೆ. ಎರಡೂ ಸೇರಿದ ಟೆರಿಕಾಟ್ ಕಡಿಮೆ ಬಜೆಟ್ಟಿಗೆ ಸರಿ ಅಂತ ನನ್ನ ಅಭಿಪ್ರಾಯ. ಪಾಲಿಯೆಸ್ಟರ್ 65, ಕಾಟನ್ 35 ಅನ್ನುವುದು ಮಾಮೂಲಿ ಮಿಶ್ರಣ. ಸ್ಕರ್ಟು, ಪ್ಯಾಂಟಿಗೆ ಅದು ಚೆನ್ನಾಗಿ ಬಾಳುತ್ತದೆ. ಶರ್ಟಿಗೆ ಕಾಟನ್ ಪಾಲು ಜಾಸ್ತಿ ಇರುವುದು ಸಿಕ್ಕಿದರೆ ಒಳ್ಳೆಯದು, ಅದರಲ್ಲೂ ಮಗುವಿನ ಚರ್ಮ ಸೂಕ್ಷ್ಮವಾಗಿದ್ದರೆ. ಯಾವುದೇ ಆಗಲಿ, ಮೊದಲು ಒಗೆದು ಒಣಗಿಸಿ, ಆಮೇಲೆ ಉದ್ದ ಮಡಚಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಯೂನಿಫಾರ್ಮ್ ಎಲ್ಲಾ ಕಡೆ ಒಂದೇ ಸಮ ಹರಿಯುವುದಿಲ್ಲ. ಗುಂಡಿ, ಜೇಬಿನ ಮೂಲೆ, ಮಂಡಿ, ಚಡ್ಡಿಯ ನಡುವಿನ ಹೊಲಿಗೆ, ಕಾಲರಿನ ಮಡಿಕೆ, ಇಷ್ಟೇ. ಮಿಕ್ಕ ಬಟ್ಟೆ ಹೊಸದಾಗೇ ಇರುತ್ತದೆ, ಈ ಐದರಲ್ಲಿ ಒಂದು ಹೋಯಿತು ಅಂತ ಇಡೀ ಬಟ್ಟೆ ಮೂಲೆಗೆ ಬೀಳುತ್ತದೆ. ಹಾಗಾಗಿ ಹಾಕುವ ಮುಂಚೆಯೇ ಒಂದು ಸಂಜೆ ಸೂಜಿ ದಾರ ಹಿಡಿದು ಕೂರಿ. ರೆಡಿಮೇಡ್ ಗುಂಡಿಗಳನ್ನು ಎಷ್ಟೋ ಸಲ ದಾರ ಗಂಟು ಹಾಕದೆ ಬಿಟ್ಟಿರುತ್ತಾರೆ, ಒಂದು ತುದಿ ಎಳೆದರೆ ಪೂರ್ತಿ ಬಿಚ್ಚಿಕೊಂಡು ಬರುತ್ತದೆ. ಎಲ್ಲಾ ಗುಂಡಿಗೂ ಜೋಡಿ ದಾರದಲ್ಲಿ ಇನ್ನೊಮ್ಮೆ ಹೊಲಿಗೆ ಹಾಕಿ. ಹೊಲಿಯುವಾಗ ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಅಡ್ಡ ಇಟ್ಟು, ದಾರ ಅದರ ಮೇಲೆ ಹಾಯುವ ಹಾಗೆ ಹೊಲಿದು, ಕೊನೆಗೆ ಕಡ್ಡಿ ತೆಗೆದು ಗುಂಡಿಯ ಕೆಳಗೆ ದಾರವನ್ನು ನಾಲ್ಕು ಸುತ್ತು ಸುತ್ತಿ ಗಂಟು ಹಾಕಿ. ಗುಂಡಿಗೆ ಸಣ್ಣ ಕಾಲು ಬಂದ ಹಾಗಾಗುತ್ತದೆ. ಪುಟ್ಟ ಬೆರಳಿಗೆ ಹಾಕೋದು ತೆಗೆಯೋದು ಸುಲಭ, ಎಳೆದರೆ ಬಟ್ಟೆ ಹರಿಯುವುದಿಲ್ಲ. ಜೇಬಿನ ಮೇಲಿನ ಎರಡು ಮೂಲೆಗೆ ಒಳಗಿನಿಂದ ಚಿಕ್ಕ ಚೌಕ ಬಟ್ಟೆ ಇಟ್ಟು ಹೊಲಿಯಿರಿ. ಪ್ಯಾಂಟಿನ ಮಂಡಿಗೆ ಒಳಗಡೆಯಿಂದ ತೇಪೆ ಹಾಕುವುದು ತೂತು ಬೀಳುವ ಮುಂಚೆ ಸುಲಭ, ಬಿದ್ದ ಮೇಲೆ ಕಷ್ಟ. ಉದ್ದ ಕಡಿಮೆ ಮಾಡುವಾಗ ಕತ್ತರಿಸಿದ ತುಂಡು ಬಿಸಾಡಬೇಡಿ, ಅದೇ ಬಣ್ಣದ ತೇಪೆ ಇನ್ನೆಲ್ಲೂ ಸಿಗಲ್ಲ.

ಹೆಸರು ಬರೆಯುವುದಾದರೆ ಒಳಗಿನ ಲೇಬಲ್ಲಿನ ಮೇಲೆ ಅಳಿಸದ ಪೆನ್ನಿನಲ್ಲಿ ಬರೆಯಿರಿ, ಹೊರಗೆ ಕಾಣುವ ಹಾಗೆ ಬೇಡ. ಗೊತ್ತಿಲ್ಲದವರು ಮಗುವನ್ನು ಹೆಸರಿಟ್ಟು ಕರೆಯುವ ಹಾಗಾಗಬಾರದು. ಅಕ್ಕನ ಶರ್ಟು ತಮ್ಮನಿಗೆ ಬರುವುದಿದ್ದರೆ ಇನಿಷಿಯಲ್ ಮಾತ್ರ ಬರೆದರೆ ಸಾಕು. ಅಂದಹಾಗೆ ಹುಡುಗರ ಶರ್ಟಿಗೆ ಗುಂಡಿ ಬಲಕ್ಕೆ, ಹುಡುಗಿಯರದಕ್ಕೆ ಎಡಕ್ಕೆ ಅನ್ನುವ ವ್ಯತ್ಯಾಸವನ್ನು ನಾಲ್ಕು ವರ್ಷದವನು ಗಮನಿಸುವುದಿಲ್ಲ, ನೀವೂ ತಲೆ ಕೆಡಿಸಿಕೊಳ್ಳಬೇಡಿ. ಅವನಿಗೆ ಬೇಕಾದದ್ದು ಇಲಾಸ್ಟಿಕ್ ಸೊಂಟ. ಹುಕ್ಕು, ಬೆಲ್ಟು ಇದ್ದರೆ ಅವಸರಕ್ಕೆ ಬಿಚ್ಚಲು ಆಗದೆ ಬಟ್ಟೆ ಒದ್ದೆಯಾಗುತ್ತದೆ. ಒಳಗೆ ಕಾಜಾ ಇರುವ ಇಲಾಸ್ಟಿಕ್ ಪಟ್ಟಿ ಮತ್ತು ಗುಂಡಿ ಇದ್ದರೆ ಇನ್ನೂ ಒಳ್ಳೆಯದು, ಸೊಂಟ ಬೆಳೆದ ಹಾಗೆ ಒಂದೊಂದು ತೂತು ಸಡಿಲಿಸಬಹುದು.

ಬೇರೆಯವರ ಮಕ್ಕಳು ಹಾಕಿದ್ದು ಸಿಗುತ್ತದೆ ಅಂದರೆ ಖಂಡಿತ ತಗೊಳ್ಳಿ. ಪುಟ್ಟ ಮಕ್ಕಳ ಬಟ್ಟೆ ಸವೆಯುವ ಮುಂಚೆ ಚಿಕ್ಕದಾಗುವುದೇ ಹೆಚ್ಚು. ಸ್ವೆಟರ್, ಟೈ, ಬೆಲ್ಟು, ಹಬ್ಬಕ್ಕೋ ಸಮಾರಂಭಕ್ಕೋ ಅಂತ ಅಪರೂಪಕ್ಕೆ ಹಾಕುವ ಬಟ್ಟೆ, ಇವನ್ನು ಹೊಸದು ಕೊಳ್ಳುವುದೇ ದಂಡ. ನೋಡುವಾಗ ಚಡ್ಡಿಯ ಹಿಂಭಾಗವನ್ನು ಬೆಳಕಿಗೆ ಹಿಡಿಯಿರಿ, ಜರಡಿಯಾಗಿದ್ದರೆ ಬೇಡ. ಕಂಕುಳ ಗಟ್ಟಿಯಾಗಿ ಹಳದಿಯಾಗಿದ್ದರೆ ಬೇಡ. ಜಿಪ್ ಬಿಗಿಯಾಗಿದ್ದರೆ ಪರವಾಗಿಲ್ಲ, ಪೆನ್ಸಿಲ್ ಮೊನೆ ಉಜ್ಜಿದರೆ ಸರಿಯುತ್ತದೆ. ಶೂ ಮಾತ್ರ ಹಳೇದು ಬೇಡ. ಅದು ಇನ್ನೊಬ್ಬರ ಪಾದದ ಆಕಾರಕ್ಕೆ ಬಗ್ಗಿರುತ್ತದೆ. ಹೊಸ ಶೂ ಸಂಜೆ ಹೊತ್ತು, ಪಾದ ಸ್ವಲ್ಪ ಊದಿಕೊಂಡಿರುವಾಗ ಕೊಳ್ಳಿ. ಮುಂದೆ ಒಂದು ಹೆಬ್ಬೆರಳ ಅಗಲ ಜಾಗ ಇರಲಿ, ಅದಕ್ಕಿಂತ ಜಾಸ್ತಿ ಬೇಡ. ಸಾಕ್ಸ್ ಎಲ್ಲಾ ಒಂದೇ ಬಣ್ಣ, ಒಂದೇ ಥರದ್ದು ತಗೊಂಡರೆ ಒಂದು ಕಳೆದರೂ ಉಳಿದದ್ದು ಜೋಡಿಯಾಗುತ್ತದೆ.

ಒಗೆಯುವ ವಿಷಯ. ಶಾಲೆಯಿಂದ ಬಂದ ಕೂಡಲೇ ಬಟ್ಟೆ ಬದಲಿಸಲಿ. ಯಾವ ಸೋಪೂ ಮಾಡದ ಕೆಲಸವನ್ನು ಈ ಒಂದು ಅಭ್ಯಾಸ ಮಾಡುತ್ತದೆ. ಆಗಲೇ ಕಲೆ ಕಣ್ಣಿಗೆ ಬೀಳುತ್ತದೆ, ಹಸಿ ಇರುವಾಗಲೇ ಹೋಗುತ್ತದೆ. ರಕ್ತ, ಹಾಲು, ಮೊಟ್ಟೆಯ ಕಲೆಗೆ ತಣ್ಣೀರು. ಬಿಸಿ ನೀರು ಹಾಕಿದರೆ ಬೆಂದ ಮೊಟ್ಟೆಯ ಹಾಗೆ ಗಟ್ಟಿಯಾಗಿ ಎಳೆಯೊಳಗೆ ಕೂತುಬಿಡುತ್ತದೆ. ಕಾಲರಿನ ಕಪ್ಪು ಗೆರೆ ಬರೀ ಮಣ್ಣಲ್ಲ, ಮೈಯ ಎಣ್ಣೆ. ಅದನ್ನು ಬ್ರಷ್ಷಿನಲ್ಲಿ ಗಸಗಸ ಉಜ್ಜಿದರೆ ಕಾಲರ್ ಹರಿಯುತ್ತದೆಯೇ ಹೊರತು ಗೆರೆ ಹೋಗಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ಡೋ ಸ್ವಲ್ಪ ಶಾಂಪೂನೋ ಹಚ್ಚಿ ಕಾಲು ಗಂಟೆ ಬಿಟ್ಟು, ಬೆರಳಲ್ಲಿ ಉಜ್ಜಿದರೆ ಸಾಕು. ಕೆಸರು ಒಣಗಲು ಬಿಡಿ, ಉದುರಿಸಿ ಆಮೇಲೆ ನೀರಿಗೆ ಹಾಕಿ. ಬಾಲ್‌ಪೆನ್ ಇಂಕಿಗೆ ಸ್ಪಿರಿಟ್ ಅಥವಾ ಸ್ಯಾನಿಟೈಸರ್, ಕೆಳಗೆ ಹಳೇ ಬಟ್ಟೆ ಇಟ್ಟು ಒತ್ತಿ ಒತ್ತಿ ತೆಗೆಯಿರಿ. ಬಿಳಿ ಗಮ್ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆದರೆ ತಾನೇ ಬಿಡುತ್ತದೆ.

ಬಿಳಿ ಶರ್ಟು ಹಳದಿಯಾಯಿತು ಅಂತ ಕ್ಲೋರಿನ್ ಬ್ಲೀಚ್ ಸುರಿಯಬೇಡಿ. ಪಾಲಿಯೆಸ್ಟರ್ ಅದರಿಂದಲೇ ಇನ್ನೂ ಹಳದಿಯಾಗುತ್ತದೆ, ಇಲಾಸ್ಟಿಕ್ ಬೇಗ ಸಾಯುತ್ತದೆ. ವಿನೆಗರ್ ಜೊತೆ ಅದನ್ನು ಸೇರಿಸಿದರಂತೂ ವಿಷದ ಗಾಳಿ ಏಳುತ್ತದೆ, ಹುಷಾರು. ಆಕ್ಸಿಜನ್ ಬ್ಲೀಚ್ ಪುಡಿ ಬಿಸಿ ನೀರಿನಲ್ಲಿ ಕರಗಿಸಿ ಒಂದೆರಡು ಗಂಟೆ ನೆನೆಸಿದರೆ ಕೆಲಸ ಆಗುತ್ತದೆ. ನೀಲಿ ಹಾಕುವುದರಿಂದ ಕೊಳೆ ಹೋಗುವುದಿಲ್ಲ, ಹಳದಿ ಕಣ್ಣಿಗೆ ಕಾಣದ ಹಾಗಾಗುತ್ತದೆ ಅಷ್ಟೇ. ಸೋಪಿನ ಪುಡಿ ಜಾಸ್ತಿ ಹಾಕಿದರೆ ಬಿಳಿ ಜಾಸ್ತಿ ಅನ್ನುವುದೂ ಸುಳ್ಳು. ಸರಿಯಾಗಿ ಜಾಲಾಡದೆ ಉಳಿದ ಸೋಪೇ ಬಟ್ಟೆಯನ್ನು ಬೂದು ಮಾಡುತ್ತದೆ. ಬಿಳಿಯದು ಬಿಸಿಲಿಗೆ, ಬಣ್ಣದ್ದು ತಿರುವಿ ನೆರಳಿಗೆ, ಸ್ವೆಟರ್ ನೇತುಹಾಕದೆ ಹಾಸಿ. ಗಾಢ ಬಣ್ಣದ ಟೆರಿಕಾಟ್ ಮೇಲೆ ಇಸ್ತ್ರಿ ನೇರವಾಗಿ ಇಟ್ಟರೆ ಹೊಳಪು ಬಂದು ಹಳೇ ಬಟ್ಟೆಯ ಹಾಗೆ ಕಾಣುತ್ತದೆ, ಒಳಮಗ್ಗುಲಿಂದ ಹಾಕಿ.

ವರ್ಷದ ಕೊನೆಗೆ ಯಾರಿಗೂ ಕೊಡಲಾಗದಷ್ಟು ಹಳೆಯದಾದದ್ದರಿಂದ ಗುಂಡಿ, ಜಿಪ್, ಬ್ಯಾಡ್ಜ್ ಬಿಚ್ಚಿ ಒಂದು ಡಬ್ಬಿಗೆ ಹಾಕಿಡಿ. ಮಗಳ ಈ ವರ್ಷದ ಸ್ಕರ್ಟೂ ಮಗನ ಚಡ್ಡಿಯೂ ಒಂದೇ ಬಟ್ಟೆಯದ್ದಾ ಅಂತ ನೋಡಿ. ಹಾಗಿದ್ದರೆ ಸ್ಕರ್ಟಿನ ನೆರಿಗೆ ಬಿಚ್ಚಿದರೆ ಸಿಗುವ ಬಟ್ಟೆಯಲ್ಲಿ ಅವನಿಗೆ ಮುಂದಿನ ವರ್ಷದ ಒಂದು ಚಡ್ಡಿ ಆಗಬಹುದು. ಟೈಲರಿಗೆ ತೋರಿಸಿ ಕೇಳಿ.