ಬ್ರಿಟಿಷ್ ಪಾರ್ಲಿಮೆಂಟರಿ ಡಿಬೇಟ್‌ನಲ್ಲಿ ತೀರ್ಪು ಹೇಗೆ ಕೊಡುತ್ತಾರೆ? ನಮ್ಮ ಕಾಲೇಜಿನಲ್ಲಿ ನಡೆಸಲು ಏನೇನು ಬೇಕು?

ನೀವು ಕೇಳಿರುವುದು ಮುಖ್ಯವಾಗಿ ಎರಡು ವಿಷಯ. ಎಲ್ಲರಿಗಿಂತ ಚೆನ್ನಾಗಿ ಮಾತಾಡಿದ ನಿಮ್ಮ ತಂಡಕ್ಕೆ ನಾಲ್ಕನೇ ಸ್ಥಾನ ಏಕೆ ಬಂತು ಎಂಬುದು ಒಂದು. ಇದೇ ಮಾದರಿಯಲ್ಲಿ 32 ತಂಡಗಳ ಎರಡು ದಿನದ ಟೂರ್ನಮೆಂಟನ್ನು ನಿಮ್ಮ ಕಾಲೇಜಿನಲ್ಲಿ ಹೇಗೆ ನಡೆಸುವುದು ಎಂಬುದು ಇನ್ನೊಂದು. ಮೊದಲನೆಯದು ಅರ್ಥವಾದರೆ ಎರಡನೆಯದರಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ಹಾಗಾಗಿ ತೀರ್ಪಿನಿಂದಲೇ ಶುರುಮಾಡುತ್ತೇನೆ.

ನಮ್ಮ ಕಡೆಯ ಅಂತರ ಕಾಲೇಜು ಚರ್ಚಾಸ್ಪರ್ಧೆಯಲ್ಲಿ ಒಂದು ಕಾಲೇಜಿನಿಂದ ಇಬ್ಬರು ಬರುತ್ತಾರೆ. ಒಬ್ಬರು ಪರ, ಒಬ್ಬರು ವಿರೋಧ. ವಿಷಯ, ಭಾಷೆ, ಮಂಡನೆ ಎಂದು ಕಾಲಂ ಹಾಕಿ ತೀರ್ಪುಗಾರರು ಅಂಕ ತುಂಬುತ್ತಾರೆ, ಕೊನೆಗೆ ಕೂಡುತ್ತಾರೆ. ಬ್ರಿಟಿಷ್ ಪಾರ್ಲಿಮೆಂಟರಿಯಲ್ಲಿ, ಅಂದರೆ ಬಿಪಿಯಲ್ಲಿ, ಆ ಕಾಲಂಗಳೇ ಇಲ್ಲ. ಒಂದು ಕೋಣೆಯಲ್ಲಿ ಇಬ್ಬರಿಬ್ಬರ ನಾಲ್ಕು ತಂಡ. ವಿಷಯದ ಪರ ವಾದಿಸುವ ಸರ್ಕಾರದ ಬದಿಯಲ್ಲಿ ಓಪನಿಂಗ್ ಗವರ್ನಮೆಂಟ್, ಕ್ಲೋಸಿಂಗ್ ಗವರ್ನಮೆಂಟ್. ಎದುರು ಬದಿಯಲ್ಲಿ ಓಪನಿಂಗ್ ಅಪೋಸಿಷನ್, ಕ್ಲೋಸಿಂಗ್ ಅಪೋಸಿಷನ್. ಮುಂದೆ ಓಜಿ, ಸಿಜಿ, ಓಓ, ಸಿಓ ಎಂದೇ ಬರೆಯುತ್ತೇನೆ. ಮೋಷನ್, ಅಂದರೆ ಚರ್ಚೆಯ ವಿಷಯ, ಪ್ರಕಟವಾದ ಮೇಲೆ 15 ನಿಮಿಷ ತಯಾರಿ. ಫೋನ್, ಲ್ಯಾಪ್‌ಟಾಪ್ ಬಳಸುವಂತಿಲ್ಲ, ಹೊರಗಿನವರನ್ನು ಕೇಳುವಂತಿಲ್ಲ. ಎಂಟು ಭಾಷಣ, ತಲಾ 7 ನಿಮಿಷ. ಮೊದಲ ಮತ್ತು ಕೊನೆಯ ನಿಮಿಷ ಬಿಟ್ಟು ಉಳಿದ ಐದು ನಿಮಿಷದಲ್ಲಿ ಎದುರು ಬದಿಯವರು ಎದ್ದು ನಿಂತು ಪಿಒಐ (ಪಾಯಿಂಟ್ ಆಫ್ ಇನ್ಫರ್ಮೇಷನ್, ಅಂದರೆ ಭಾಷಣದ ನಡುವಿನ ಚಿಕ್ಕ ಪ್ರಶ್ನೆ) ಕೇಳಬಹುದು. ಭಾಷಣಕಾರರು ಒಪ್ಪಿದರೆ ಮಾತ್ರ, ಅದೂ 15 ಸೆಕೆಂಡಿನೊಳಗೆ. 7 ನಿಮಿಷ 15 ಸೆಕೆಂಡ್ ದಾಟಿದ ಮೇಲೆ ಹೇಳಿದ್ದನ್ನು ತೀರ್ಪುಗಾರರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೊನೆಗೆ ನಾಲ್ಕೂ ತಂಡಗಳಿಗೆ ಸ್ಥಾನ ಕೊಡಬೇಕು: ಮೊದಲನೆಯದಕ್ಕೆ 3 ಪಾಯಿಂಟ್, ಮುಂದಿನವಕ್ಕೆ 2, 1, 0. ಸಮ ಎಂಬುದಿಲ್ಲ. ಈ ಸ್ಥಾನ ಬರುವುದು ಹೋಲಿಕೆಯಿಂದ. ನಾಲ್ಕು ತಂಡಗಳಲ್ಲಿ ಆರು ಜೋಡಿಗಳಾಗುತ್ತವೆ, ಆರನ್ನೂ ಒಂದೊಂದಾಗಿ ನೋಡಬೇಕು. ಪ್ರತಿ ಜೋಡಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಏನೂ ಪೂರ್ವನಿಲುವಿಲ್ಲದ, ದಿನಪತ್ರಿಕೆ ಓದುವ, ಆದರೆ ಆ ವಿಷಯದಲ್ಲಿ ಪಂಡಿತರಲ್ಲದ ಬುದ್ಧಿವಂತ ಮತದಾರರೊಬ್ಬರು ಅಲ್ಲಿ ಕೂತಿದ್ದರೆ, ಅವರನ್ನು ಮೋಷನ್‌ನ ಪರವಾಗಿಯೋ ವಿರುದ್ಧವಾಗಿಯೋ ಹೆಚ್ಚು ಒಪ್ಪಿಸಿದ್ದು ಇವೆರಡರಲ್ಲಿ ಯಾವ ತಂಡ?

ಒಂದು ಮೋಷನ್ ಇಟ್ಟುಕೊಂಡು ನೋಡೋಣ: ಪದವಿ ಕಾಲೇಜುಗಳಲ್ಲಿ ಶೇ. 75ರ ಕಡ್ಡಾಯ ಹಾಜರಾತಿಯನ್ನು ಈ ಸದನ ರದ್ದುಮಾಡುತ್ತದೆ. ಕೆಲಸ ಮಾಡಿಕೊಂಡು ಓದುವವರಿಗೆ ಹಾಜರಾತಿ ಸಾಲದೆ ಪರೀಕ್ಷೆ ತಪ್ಪುತ್ತದೆ ಎಂದು ಓಜಿ ಹೇಳುತ್ತದೆ. ಆದರೆ ಅಂಥವರು ತರಗತಿಗೆ ಬರದೆ ಪಾಠವನ್ನು ಹೇಗೆ ಕಲಿಯುತ್ತಾರೆ ಎಂದು ವಿವರಿಸುವುದಿಲ್ಲ. ಓಓ ತರುವುದು ಬೇರೆ ಎಳೆ. ‘ಹೋಗಲೇಬೇಕು, ಇಲ್ಲದಿದ್ದರೆ ಹಾಲ್‌ಟಿಕೆಟ್ ಕೊಡಲ್ಲ’ ಎಂಬ ಒಂದು ಮಾತಿನಿಂದಲೇ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ದಿನವೂ ಕಾಲೇಜಿಗೆ ಕಳಿಸುತ್ತಾರೆ. ಆ ಮಾತು ಹೋದರೆ ಮನೆಗೆಲಸ ಮೊದಲು ಬರುತ್ತದೆ, ಕಾಲೇಜು ಆಮೇಲೆ. ಇಲ್ಲಿ ಕಾರಣವೂ ಇದೆ, ಯಾರಿಗೆ ಎಷ್ಟು ಪೆಟ್ಟು ಎಂಬುದೂ ಇದೆ. ಸಿಜಿ ಹೊಸದೊಂದು ವಾದ ಹೂಡುತ್ತದೆ: ಬರಲೇಬೇಕಾದ ವಿದ್ಯಾರ್ಥಿಗಳಿಂದ ತುಂಬಿದ ತರಗತಿಯಲ್ಲಿ ಪಾಠ ಹೇಗಿದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ, ಖಾಲಿ ಬೆಂಚು ಕಂಡರೆ ಮಾತ್ರ ಕಾಲೇಜು ಎಚ್ಚೆತ್ತುಕೊಳ್ಳುತ್ತದೆ. ಜೊತೆಗೆ ಓಓ ವಾದಕ್ಕೂ ಅರ್ಧಂಬರ್ಧ ಉತ್ತರ ಕೊಡುತ್ತದೆ. ಕೊನೆಯಲ್ಲಿ ಬರುವ ಸಿಓ ತಂಡದ ಇಬ್ಬರೂ ಸೊಗಸಾಗಿ, ಒಂದೂ ತಡವರಿಸದೆ ಮಾತಾಡುತ್ತಾರೆ. ಆದರೆ ಅವರು ಹೇಳಿದ್ದು ಓಓ ಆಗಲೇ ಹೇಳಿದ್ದ ಹೆಣ್ಣುಮಕ್ಕಳ ವಾದವನ್ನೇ, ಇನ್ನೂ ಚೆಂದದ ಮಾತಿನಲ್ಲಿ.

ತೀರ್ಪು: ಓಓ ಮೊದಲು, ಸಿಜಿ ಎರಡನೆಯದು, ಓಜಿ ಮೂರನೆಯದು, ಸಿಓ ನಾಲ್ಕನೆಯದು. ಕ್ಲೋಸಿಂಗ್ ತಂಡಕ್ಕೆ ಅಂಕ ಸಿಗುವುದು ಅದು ಹೊಸದಾಗಿ ಸೇರಿಸಿದ್ದಕ್ಕೆ, ಅಂದರೆ ಎಕ್ಸ್‌ಟೆನ್ಶನ್‌ಗೆ. ಅದು ಹೊಸ ವಾದವಾಗಿರಬಹುದು, ಹಳೆಯ ವಾದಕ್ಕೆ ಯಾರೂ ಕೊಡದ ಕಾರಣವಾಗಿರಬಹುದು, ಎದುರಾಳಿಯ ಮುಖ್ಯ ವಾದವನ್ನು ಮುರಿಯುವ ಉತ್ತರವಾಗಿರಬಹುದು. ಓಪನಿಂಗ್‌ನವರ ಮಾತನ್ನೇ ಮತ್ತೆ ಹೇಳಿದರೆ ಅದರ ಫಲ ಓಪನಿಂಗ್‌ಗೇ ಸೇರುತ್ತದೆ. ನಿಮ್ಮ ತಂಡ ಕ್ಲೋಸಿಂಗ್‌ನಲ್ಲಿದ್ದಿದ್ದರೆ ಬಹುಶಃ ಆಗಿದ್ದು ಇದೇ. ಹಾಗಲ್ಲದಿದ್ದರೆ ಇನ್ನೆರಡು ಸಾಮಾನ್ಯ ಕಾರಣಗಳಿವೆ. ತಮ್ಮದೇ ಬದಿಯ ಓಪನಿಂಗ್ ತಂಡದ ನಿಲುವಿಗೆ ವಿರುದ್ಧವಾಗಿ ವಾದಿಸುವುದು ಒಂದು. ಇದನ್ನು ‘ನೈಫಿಂಗ್’ ಎನ್ನುತ್ತಾರೆ, ಹಾಗೆ ಮಂಡಿಸಿದ ವಾದಕ್ಕೆ ಬೆಲೆ ಸಿಗುವುದಿಲ್ಲ. ಎಂಟನೇ ಭಾಷಣದಲ್ಲಿ, ಅಂದರೆ ಅಪೋಸಿಷನ್ ವಿಪ್‌ನಲ್ಲಿ, ಹೊಸ ವಾದ ತರುವುದು ಇನ್ನೊಂದು. ಅದಕ್ಕೆ ಉತ್ತರಿಸಲು ಯಾರೂ ಉಳಿದಿರುವುದಿಲ್ಲವಾದ್ದರಿಂದ ತೀರ್ಪುಗಾರರು ಅದನ್ನು ಬಿಟ್ಟುಬಿಡುತ್ತಾರೆ.

ಹೊಸ ತೀರ್ಪುಗಾರರು ಎಡವುವ ಜಾಗಗಳೂ ಇಲ್ಲೇ ಇವೆ. ತಂಡ ಹೇಳದ ಉತ್ತರವನ್ನು ತಾವೇ ಮನಸ್ಸಿನಲ್ಲಿ ಪೂರ್ತಿಮಾಡಿಕೊಳ್ಳುತ್ತಾರೆ. ತಮಗೆ ಗೊತ್ತಿರುವ ಅಂಕಿಅಂಶ ಭಾಷಣದಲ್ಲಿ ಬರಲಿಲ್ಲ ಎಂದು ಅಂಕ ಇಳಿಸುತ್ತಾರೆ. ಓಜಿ ತಂಡ ಸಿಓಗೆ ಉತ್ತರಿಸಲಿಲ್ಲ ಎನ್ನುತ್ತಾರೆ. ಓಜಿಯ ಎರಡೂ ಭಾಷಣ ಮುಗಿದ ಮೇಲೆ ಸಿಓ ಎದ್ದಿದ್ದು ಎಂಬುದು ನೆನಪಿರುವುದಿಲ್ಲ. ಇವೆಲ್ಲಕ್ಕೂ ಮದ್ದು ಟಿಪ್ಪಣಿ. ಎ4 ಹಾಳೆಯನ್ನು ಅಡ್ಡ ಇಟ್ಟು ಎಂಟು ಕಾಲಂ ಎಳೆದು, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು, ಯಾವ ವಾದಕ್ಕೆ ಯಾರು ಉತ್ತರಿಸಿದರು ಎಂದು ಬಾಣದ ಗುರುತು ಹಾಕಿದರೆ ಸಾಕು. ಬಾಣವೇ ಬರದ ವಾದ ಚರ್ಚೆಯಲ್ಲಿ ನಿಂತಿದೆ ಎಂದರ್ಥ.

ಭಾಷಣ ಮುಗಿದ ಮೇಲೆ ತೀರ್ಪುಗಾರರ ಚರ್ಚೆಗೆ 15 ನಿಮಿಷ. ಕೋಣೆಗೆ ಮೂವರಿದ್ದರೆ ಒಬ್ಬರು ಚೇರ್, ಅಂದರೆ ಅಧ್ಯಕ್ಷರು, ಇಬ್ಬರು ವಿಂಗ್, ಅಂದರೆ ಸಹ ತೀರ್ಪುಗಾರರು. ಮೊದಲ ಎರಡು ನಿಮಿಷ ಯಾರೂ ಮಾತಾಡದೆ ತಮ್ಮ ತಮ್ಮ ಸ್ಥಾನಪಟ್ಟಿ ಬರೆದಿಟ್ಟುಕೊಳ್ಳಲಿ. ಆಮೇಲೆ ವಿಂಗ್‌ಗಳು ಮೊದಲು ಹೇಳಲಿ, ಚೇರ್ ಕೊನೆಯಲ್ಲಿ. ಚೇರ್ ಮೊದಲು ಬಾಯಿಬಿಟ್ಟರೆ, ಅದರಲ್ಲೂ ಆತ ಹೆಸರುವಾಸಿ ಡಿಬೇಟರ್ ಆಗಿದ್ದರೆ, ಉಳಿದಿಬ್ಬರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಮೂವರನ್ನು ಕೂರಿಸಿದ್ದು ವ್ಯರ್ಥವಾಗುತ್ತದೆ. ಒಮ್ಮತಕ್ಕೆ ಪ್ರಯತ್ನಿಸಬೇಕು, ಆಗದಿದ್ದರೆ ಒಂದೊಂದು ಸ್ಥಾನಕ್ಕೂ ಮತ ಹಾಕಬೇಕು. ಮತ ಸಮವಾದರೆ ಚೇರ್ ಹೇಳಿದ್ದು ಅಂತಿಮ. ತೀರ್ಪು ಕೊಡುವುದನ್ನು ಕಲಿಯುತ್ತಿರುವ ಟ್ರೈನೀ ಇದ್ದರೆ ಚರ್ಚೆಯಲ್ಲಿ ಭಾಗವಹಿಸಬಹುದು, ಮತವಿಲ್ಲ.

ಸ್ಥಾನ ನಿರ್ಧಾರವಾದ ಮೇಲೆ ಮಾತ್ರ ವೈಯಕ್ತಿಕ ಅಂಕ. 50ರಿಂದ 100ರ ಅಳತೆ, 75 ಎಂದರೆ ಸರಾಸರಿ ಭಾಷಣ. ಮೊದಲ ತಂಡದ ಇಬ್ಬರ ಮೊತ್ತ ಎರಡನೆಯ ತಂಡದ್ದಕ್ಕಿಂತ ಹೆಚ್ಚಿರಲೇಬೇಕು, ಹೀಗೆಯೇ ಕೆಳಗಿನವರೆಗೆ. ಮೊದಲು ಅಂಕ ಹಾಕಿ, ಕೂಡಿ, ಅದರಿಂದ ಸ್ಥಾನ ಹೊರಡಿಸುವ ತೀರ್ಪುಗಾರರನ್ನು ದಯವಿಟ್ಟು ತರಬೇತಿಯಲ್ಲೇ ತಿದ್ದಿ. ನಮ್ಮ ಕನ್ನಡ ಚರ್ಚಾಸ್ಪರ್ಧೆಗಳಲ್ಲಿ ಆಗುವ ಅನ್ಯಾಯದ ಮೂಲವೂ ಇದೇ ಎಂದು ನಾನು ನಂಬಿದ್ದೇನೆ. ಇಬ್ಬರು ತೀರ್ಪುಗಾರರು ಎಲ್ಲರಿಗೂ 40ರಿಂದ 45ರೊಳಗೆ ಕೊಟ್ಟು, ಮೂರನೆಯವರು 20ರಿಂದ 48ರವರೆಗೆ ಹರಡಿದರೆ, ಮೊತ್ತದಲ್ಲಿ ಗೆಲ್ಲಿಸುವುದು ಸೋಲಿಸುವುದು ಆ ಮೂರನೆಯವರೊಬ್ಬರೇ.

ಈಗ ಆಯೋಜನೆ. 32 ತಂಡ ಎಂದರೆ 8 ಕೋಣೆ, ಕೋಣೆಗೆ ಮೂವರಂತೆ 24 ತೀರ್ಪುಗಾರರು. ಕನಿಷ್ಠ 8 ಜನ ಪಳಗಿದ ಚೇರ್‌ಗಳು ಸಿಗುತ್ತಾರೆ ಎಂದು ಖಾತ್ರಿಯಾಗುವವರೆಗೆ ನೋಂದಣಿಯನ್ನೇ ತೆರೆಯಬೇಡಿ. ವಿಶ್ವ ವಿಶ್ವವಿದ್ಯಾಲಯಗಳ ಡಿಬೇಟ್ ಚಾಂಪಿಯನ್‌ಶಿಪ್‌ನಲ್ಲಿ (1981ರಲ್ಲಿ ಗ್ಲಾಸ್ಗೋದಲ್ಲಿ ಶುರುವಾಗಿದ್ದು, 2014ರದ್ದು ಚೆನ್ನೈನಲ್ಲಿ ನಡೆಯಿತು) ಬೆಳೆದುಬಂದ ‘ಎನ್ ಮೈನಸ್ 1’ ನಿಯಮ ಇದಕ್ಕೆ ಸಹಾಯಕ್ಕೆ ಬರುತ್ತದೆ: ಒಂದು ಕಾಲೇಜು ಎಷ್ಟು ತಂಡ ಕಳಿಸುತ್ತದೋ ಅದಕ್ಕಿಂತ ಒಬ್ಬರು ಕಡಿಮೆ ತೀರ್ಪುಗಾರರನ್ನು ಜೊತೆಗೆ ಕಳಿಸಲೇಬೇಕು. ಒಂದೊಂದೇ ತಂಡ ಕಳಿಸುವ ಕಾಲೇಜುಗಳು ಹೆಚ್ಚಿದ್ದರೆ ಈ ನಿಯಮದಿಂದ ಯಾರೂ ಸಿಗುವುದಿಲ್ಲ. ಆಗ ಹೊರಗಿನಿಂದ ಸ್ವತಂತ್ರ ತೀರ್ಪುಗಾರರನ್ನು ಕರೆಸಬೇಕು. ಬಜೆಟ್‌ನಲ್ಲಿ ಮೊದಲ ಸಾಲು ಅವರ ಪ್ರಯಾಣ, ಊಟ, ವಸತಿ. ಟ್ರೋಫಿ, ಫ್ಲೆಕ್ಸ್, ಶಾಲು-ಹಾರ ಆಮೇಲೆ.

ಮೊದಲ ಸುತ್ತಿಗೆ ಮುಂಚೆ ಎಲ್ಲ ತೀರ್ಪುಗಾರರಿಗೂ ಒಂದೇ ರೆಕಾರ್ಡ್ ಆದ ಡಿಬೇಟ್ ತೋರಿಸಿ, ಸ್ಥಾನ ಮತ್ತು ಅಂಕ ಬರೆಸಿ, ಒಟ್ಟಿಗೆ ಕೂತು ಹೋಲಿಸಿ. ಅಂಕದ ಅಳತೆ ಎಲ್ಲರಲ್ಲೂ ಒಂದೇ ಆಗಿರಬೇಕಾದ್ದಕ್ಕೆ ಗಟ್ಟಿ ಕಾರಣವಿದೆ. ಐದು ಸುತ್ತಿನ ನಂತರ 8 ತಂಡ ಸೆಮಿಫೈನಲ್‌ಗೆ ಬ್ರೇಕ್ ಆಗಬೇಕು, ಅಂದರೆ ಆಯ್ಕೆಯಾಗಬೇಕು. ಐದು ಸುತ್ತಿನ ಸರಾಸರಿ 7.5 ಪಾಯಿಂಟ್, ಗೆರೆ ಬೀಳುವುದು ಹೆಚ್ಚಾಗಿ 9ರ ಆಸುಪಾಸು, ಅಲ್ಲಿ ಹಲವು ತಂಡಗಳು ಸಮವಾಗಿ ನಿಂತಿರುತ್ತವೆ. ಆಗ ಒಳಗೆ ಯಾರು, ಹೊರಗೆ ಯಾರು ಎಂದು ನಿರ್ಧರಿಸುವುದು ಭಾಷಣದ ಅಂಕಗಳ ಒಟ್ಟು ಮೊತ್ತ. ಒಂದು ಕೋಣೆಯ ಚೇರ್ ಎಲ್ಲರಿಗೂ ಉದಾರವಾಗಿ 79, 80 ಕೊಟ್ಟಿದ್ದರೆ, ಬೇರೆ ಕೋಣೆಯಲ್ಲಿ ಅಷ್ಟೇ ಚೆನ್ನಾಗಿ ಮಾತಾಡಿ 75 ಪಡೆದ ಮಕ್ಕಳು ಅನ್ಯಾಯವಾಗಿ ಮನೆಗೆ ಹೋಗುತ್ತಾರೆ.

ಡ್ರಾ, ಅಂದರೆ ಯಾವ ತಂಡ ಯಾವ ಕೋಣೆಗೆ ಎಂಬ ಹಂಚಿಕೆ, ಹೇಗೆ ನಡೆಯುತ್ತದೆ ಎಂದು ತಂಡಗಳಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಎರಡನೇ ದಿನ ಜಗಳವಾಗುತ್ತದೆ. ಮೊದಲ ಸುತ್ತು ಚೀಟಿ ಎತ್ತಿದಂತೆ. ಆಮೇಲೆ ಸಮಾನ ಪಾಯಿಂಟ್ ಇರುವವರು ಒಂದೇ ಕೋಣೆಗೆ ಬರುತ್ತಾರೆ. ಎರಡು ಸುತ್ತು ಮುಗಿದಾಗ 32 ತಂಡಗಳಲ್ಲಿ 6 ಪಾಯಿಂಟ್ ಇರುವವು 2, 5 ಇರುವವು 4, 4 ಇರುವವು 6, 3 ಇರುವವು 8, 2 ಇರುವವು 6, 1 ಇರುವವು 4, ಸೊನ್ನೆಯವು 2. 6 ಪಾಯಿಂಟ್‌ನ ಎರಡೇ ತಂಡದಿಂದ ಕೋಣೆ ತುಂಬುವುದಿಲ್ಲ. 5ರ ಗುಂಪಿನಿಂದ ಎರಡನ್ನು ಮೇಲಕ್ಕೆ ಎಳೆಯಬೇಕು, 5ರ ಗುಂಪಿಗೆ 4ರಿಂದ ಎರಡು. ಇದೇ ‘ಪುಲ್-ಅಪ್’. ‘ನಮ್ಮನ್ನೇ ಏಕೆ ಬಲವಾದ ಕೋಣೆಗೆ ಹಾಕಿದಿರಿ’ ಎಂಬ ದೂರು ಬರುವುದು ಇಲ್ಲಿಂದ. ಜೊತೆಗೆ ಪ್ರತಿ ತಂಡಕ್ಕೂ ನಾಲ್ಕೂ ಸ್ಥಾನಗಳು, ಓಜಿಯಿಂದ ಸಿಓವರೆಗೆ, ಸಾಧ್ಯವಾದಷ್ಟು ಸಮನಾಗಿ ಬರಬೇಕು.

ಇದನ್ನೆಲ್ಲ ಕೈಯಲ್ಲಿ ಮಾಡಲು ಹೋಗಬೇಡಿ. ಟ್ಯಾಬಿಕ್ಯಾಟ್ ಎಂಬ ಮುಕ್ತ ತಂತ್ರಾಂಶವಿದೆ. ಡ್ರಾ, ತೀರ್ಪುಗಾರರ ಹಂಚಿಕೆ, ಫೋನಿನಿಂದಲೇ ಬ್ಯಾಲಟ್ (ಸ್ಥಾನ, ಅಂಕ ಬರೆಯುವ ತೀರ್ಪಿನ ಚೀಟಿ) ತುಂಬುವುದು, ಫೀಡ್‌ಬ್ಯಾಕ್, ಬ್ರೇಕ್ ಪಟ್ಟಿ ಎಲ್ಲವೂ ಅದರಲ್ಲಿವೆ. ಹಿಂದಿನ ದಿನವೇ ಸುಳ್ಳು ಹೆಸರುಗಳನ್ನು ಹಾಕಿ ಎರಡು ಸುತ್ತು ಓಡಿಸಿ ನೋಡಿ. ಬ್ಯಾಲಟ್‌ನಲ್ಲಿ ಆಗುವ ತಪ್ಪು ಹೆಚ್ಚಾಗಿ ಒಂದೇ ಬಗೆಯದು: ಒಂದೇ ತಂಡದ ಇಬ್ಬರ ಹೆಸರು ಅದಲುಬದಲಾಗುವುದು. ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ನೋಡಿ ಖಚಿತಪಡಿಸುವ ವ್ಯವಸ್ಥೆ ಇರಲಿ. ಕೊನೆಯ ಸುತ್ತು ಸಾಮಾನ್ಯವಾಗಿ ಕ್ಲೋಸ್ಡ್, ಅಂದರೆ ಫಲಿತಾಂಶವನ್ನು ತಂಡಗಳಿಗೆ ಹೇಳುವುದಿಲ್ಲ. ಅಲ್ಲಿ ತಪ್ಪಾದರೆ ಬ್ರೇಕ್ ಪ್ರಕಟವಾಗುವ ತನಕ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರತಿ ಸುತ್ತಿನ ನಂತರ ಪಟ್ಟಿಯ ಒಂದು ಪ್ರತಿಯನ್ನು ಇಳಿಸಿಟ್ಟುಕೊಳ್ಳಿ.

ಸಮಯದ ಲೆಕ್ಕ ಹೀಗೆ: ತಯಾರಿ 15, ಭಾಷಣಗಳು ಏಳುವುದು ಕೂರುವುದು ಸೇರಿ 62, ತೀರ್ಪುಗಾರರ ಚರ್ಚೆ 15, ಮೌಖಿಕ ತೀರ್ಪು 10, ಮುಂದಿನ ಡ್ರಾ ಮತ್ತು ಓಡಾಟ 15. ಸುತ್ತಿಗೆ ಹತ್ತಿರಹತ್ತಿರ ಎರಡು ಗಂಟೆ. ಬೆಳಿಗ್ಗೆ 10ಕ್ಕೆ ಮೊದಲ ಮೋಷನ್ ಬಿಟ್ಟು, ಒಂದು ಗಂಟೆ ಊಟಕ್ಕೆ ಕೊಟ್ಟರೆ, ಮೂರು ಸುತ್ತು ಮುಗಿಯುವಾಗ ಸಂಜೆ 5. ಎರಡನೇ ದಿನ ಎರಡು ಸುತ್ತು, ಬ್ರೇಕ್, ಸೆಮಿ, ಫೈನಲ್. ಮೊದಲ ದಿನ ನಾಲ್ಕು ಸುತ್ತು ತುರುಕಿದರೆ ನಾಲ್ಕನೆಯದರಲ್ಲಿ ತೀರ್ಪುಗಾರರ ತಲೆ ಓಡುವುದಿಲ್ಲ. ತಡವಾಗುವುದು ಬಹುತೇಕ ಒಂದೇ ಕಾರಣಕ್ಕೆ: ಚೇರ್ ಮೊದಲು ಇಪ್ಪತ್ತು ನಿಮಿಷ ಮೌಖಿಕ ತೀರ್ಪು ಕೊಟ್ಟು ಆಮೇಲೆ ಬ್ಯಾಲಟ್ ಕಳಿಸುತ್ತಾರೆ. ಬ್ಯಾಲಟ್ ಮೊದಲು, ಮಾತು ಆಮೇಲೆ ಎಂದು ನಿಯಮವನ್ನೇ ಮಾಡಿ. ಉದ್ಘಾಟನಾ ಸಮಾರಂಭವನ್ನು ಮೊದಲ ಸುತ್ತಿನ ಮುಂದೆ ಇಡಬೇಡಿ. ಮುಖ್ಯ ಅತಿಥಿಗಳನ್ನು ಫೈನಲ್‌ಗೆ ಕರೆಯಿರಿ, ಅವರಿಗೂ ನೋಡಲು ಏನಾದರೂ ಇರುತ್ತದೆ.

ಎಂಟು ಕೋಣೆಗಳೂ ಒಂದೇ ಕಟ್ಟಡದಲ್ಲಿರಲಿ. ಒಂದು ತಂಡ ಬೆಳಿಗ್ಗೆ ಬರದೇ ಹೋದರೆ ಮೂರು ತಂಡಗಳ ಕೋಣೆ ಉಳಿಯುತ್ತದೆ. ಅದಕ್ಕೆ ನಿಮ್ಮ ಕಾಲೇಜಿನ ನಾಲ್ಕು ಜನರನ್ನು ಸ್ವಿಂಗ್ ತಂಡಗಳಾಗಿ ಸಿದ್ಧವಿಡಿ. ಅವರು ಪಾಯಿಂಟ್ ಪಡೆದರೂ ಬ್ರೇಕ್ ಆಗುವುದಿಲ್ಲ. ಯಾವ ತೀರ್ಪುಗಾರರಿಗೆ ಯಾವ ಕಾಲೇಜಿನ ನಂಟಿದೆ ಎಂದು ನೋಂದಣಿ ಫಾರ್ಮಿನಲ್ಲೇ ಕೇಳಿ: ಹಳೆಯ ವಿದ್ಯಾರ್ಥಿ, ತರಬೇತುದಾರ, ತಂಡದವರ ಅಣ್ಣ ಅಕ್ಕ, ಆಪ್ತ ಗೆಳೆತನ. ತಂಡಗಳು ಅವಮಾನ, ಕಿರುಕುಳದ ದೂರು ಹೇಳಿಕೊಳ್ಳಲು ಇಬ್ಬರು ಈಕ್ವಿಟಿ ಅಧಿಕಾರಿಗಳಿರಲಿ, ಅವರಲ್ಲಿ ಒಬ್ಬರಾದರೂ ಮಹಿಳೆ.

ಮೋಷನ್‌ಗಳನ್ನು ಮುಖ್ಯ ತೀರ್ಪುಗಾರರ ಮಂಡಳಿ, ಅಂದರೆ ಎರಡು ಮೂರು ಜನ, ವಾರಗಳ ಮುಂಚೆಯೇ ಬರೆದು ಪರೀಕ್ಷಿಸಬೇಕು. ಪರೀಕ್ಷೆ ಸರಳ: ಪ್ರತಿ ಬದಿಗೂ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ವಾದಗಳನ್ನು ಬರೆಯಲು ಆಗುತ್ತದೆಯೇ? ಎರಡೇ ಸಿಕ್ಕರೆ ಓಪನಿಂಗ್ ತಂಡ ಎರಡನ್ನೂ ಬಳಸಿಬಿಡುತ್ತದೆ, ಕ್ಲೋಸಿಂಗ್‌ಗೆ ಏನೂ ಉಳಿಯುವುದಿಲ್ಲ. ಸುತ್ತಿನ ನಂತರ ಟ್ಯಾಬ್‌ನಲ್ಲಿ, ಅಂದರೆ ಫಲಿತಾಂಶದ ಪಟ್ಟಿಯಲ್ಲಿ, ನೋಡಿದರೆ ಎಂಟೂ ಕೋಣೆಗಳಲ್ಲಿ ಸರ್ಕಾರದ ಬದಿಯೇ ಮೊದಲೆರಡು ಸ್ಥಾನ ಪಡೆದಿದ್ದರೆ ತಪ್ಪು ಮೋಷನ್‌ದು ಎಂದು ಅನುಮಾನಿಸಬೇಕು. ಹಿನ್ನೆಲೆ ಗೊತ್ತಿಲ್ಲದೆ ವಾದಿಸಲಾಗದ ವಿಷಯವಾದರೆ ಮೂರು ನಾಲ್ಕು ಸಾಲಿನ ಇನ್ಫೋ ಸ್ಲೈಡ್ ಕೊಡಿ, ಓದಲು ಸಮಯ ಕೊಟ್ಟ ಮೇಲೆ 15 ನಿಮಿಷದ ಗಡಿಯಾರ ಒತ್ತಿ.

ಕನ್ನಡದಲ್ಲೇ ನಡೆಸಬಹುದೇ ಎಂದೂ ಕೇಳಿದ್ದೀರಿ. ಧಾರಾಳವಾಗಿ. ನಿಯಮದಲ್ಲಿ ಭಾಷೆಗೆ ಸಂಬಂಧಿಸಿದ್ದು ಏನೂ ಇಲ್ಲ. ಟ್ಯಾಬಿಕ್ಯಾಟ್‌ನಲ್ಲಿ ಮೋಷನ್ ಮತ್ತು ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಹಾಕಬಹುದು. ತೀರ್ಪುಗಾರರ ತರಬೇತಿಗೆ ಮಾತ್ರ ಇನ್ನೂ ಅರ್ಧ ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಏಕೆಂದರೆ ನಮ್ಮಲ್ಲಿ ಪದ್ಯ, ವಚನ, ಗಾದೆ ಸೇರಿಸಿ ಏರುದನಿಯಲ್ಲಿ ಮಾತಾಡಿದರೆ ಕೈ ತಾನಾಗಿ ಹೆಚ್ಚು ಅಂಕದ ಕಡೆ ಹೋಗುತ್ತದೆ. ಅಭ್ಯಾಸದ ಡಿಬೇಟ್‌ನಲ್ಲಿ ಪ್ರತಿ ತೀರ್ಪುಗಾರರಿಂದಲೂ ‘ಈ ತಂಡ ಮೇಲೆ, ಏಕೆಂದರೆ’ ಎಂದು ಶುರುವಾಗುವ ಆರು ವಾಕ್ಯ ಬರೆಸಿ, ಜೋಡಿಗೊಂದರಂತೆ. ವಾಕ್ಯದಲ್ಲಿ ವಾದದ ಹೆಸರು ಇಲ್ಲದೆ ‘ಪ್ರಭಾವಶಾಲಿಯಾಗಿತ್ತು’ ಎಂದು ಮಾತ್ರ ಇದ್ದರೆ ಅದನ್ನು ಹಿಂದಿರುಗಿಸಿ ಮತ್ತೆ ಬರೆಸಿ.