ಒಂಟಿ ಮನೆಗೆ ಕೋವಿ ಕಾವಲೇ?

ಮಾನ್ಯರೆ,

ನಿಮ್ಮ ದೀರ್ಘ ಪತ್ರ ತಲುಪಿತು. ಉಳಿದ ಓದುಗರಿಗೂ ತಿಳಿಯಲೆಂದು ಅದರ ಸಾರವನ್ನು ಇಲ್ಲಿ ಹೇಳುತ್ತೇನೆ. ಮಲೆನಾಡಿನಲ್ಲಿ ಅಡಿಕೆ ತೋಟದ ನಡುವೆ ಒಂಟಿ ಮನೆ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಪಕ್ಕದ ಊರಿನಲ್ಲಿ ರಾತ್ರಿ ನುಗ್ಗಿದ ಕಳ್ಳರು ವಯಸ್ಸಾದ ದಂಪತಿಯನ್ನು ಕಟ್ಟಿಹಾಕಿ ಒಡವೆ ದೋಚಿದ ಮೇಲೆ ನಿಮಗೆ ನಿದ್ದೆ ಹತ್ತುತ್ತಿಲ್ಲ. ‘ಅಮೆರಿಕದಲ್ಲಿ ಕೋವಿ ಜನರ ಹಕ್ಕು, ಕೊಡಗಿನಲ್ಲಿ ಲೈಸೆನ್ಸೇ ಬೇಡ, ನಾವು ಮಾತ್ರ ಕೈಕಟ್ಟಿ ಕೂರಬೇಕೆ?’ ಎಂದು ಕೇಳಿದ್ದೀರಿ. ನಿಮ್ಮ ಮನೆಯವರು ಕೋವಿ ಬೇಡವೇ ಬೇಡ ಅನ್ನುತ್ತಿದ್ದಾರೆ ಎಂದೂ ಬರೆದಿದ್ದೀರಿ. ನಾನು ಅವರ ಪಕ್ಷ. ಕಾರಣ ಹೇಳುತ್ತೇನೆ.

ಕೈಕಟ್ಟಿ ಕೂರಬೇಕೆಂದು ನಮ್ಮ ಕಾನೂನು ಎಲ್ಲಿಯೂ ಹೇಳಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಇರುವುದೇ ಆತ್ಮರಕ್ಷಣೆಗಾಗಿ. ನಿಮ್ಮ ಜೀವ, ನಿಮ್ಮ ಆಸ್ತಿಯಷ್ಟೇ ಅಲ್ಲ, ನೆರೆಯವರ ಜೀವ ಕಾಪಾಡಲು ಎದುರು ಬಿದ್ದರೂ ಅದು ಅಪರಾಧವಲ್ಲ. ಕತ್ತಲಾದ ಮೇಲೆ ಬಾಗಿಲು ಮುರಿದು ನುಗ್ಗಿದವನನ್ನು ತಡೆಯುವಾಗ, ಬೇರೆ ದಾರಿಯಿಲ್ಲದೆ ಅವನ ಪ್ರಾಣ ಹೋದರೂ ಕಾನೂನು ನಿಮ್ಮ ಬೆನ್ನಿಗಿದೆ. ಈ ಹಕ್ಕು ಕೈಯಲ್ಲಿ ಕತ್ತಿ ಇದ್ದವನಿಗೂ ಉಂಟು, ಒನಕೆ ಹಿಡಿದವಳಿಗೂ ಉಂಟು. ಆದರೆ ಅದಕ್ಕೆ ಎಲ್ಲೆ ಇದೆ. ಅಗತ್ಯಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಪೊಲೀಸರನ್ನು ಕರೆಯಲು ಸಮಯವಿದ್ದರೆ ಈ ಹಕ್ಕು ಹುಟ್ಟುವುದಿಲ್ಲ. ತೋಟದಲ್ಲಿ ಅಡಿಕೆ ಕೊನೆ ಕದಿಯುತ್ತಿರುವವನ ಮೇಲೆ, ಅವನಿಂದ ಜೀವಭಯವೇ ಇಲ್ಲದಾಗ ಈಡು ಹಾರಿಸಿ ಕೊಂದರೆ ಜೈಲಿಗೆ ಹೋಗುವವರು ನೀವೇ.

ಈ ಎಲ್ಲೆಯೊಳಗೆ ನಿಲ್ಲಲು ಕೋವಿ ಬಿಡುವುದಿಲ್ಲ ಎಂಬುದೇ ನನ್ನ ದೊಡ್ಡ ಆತಂಕ. ಆ ರಾತ್ರಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಮಳೆಗಾಲ, ಕರೆಂಟಿಲ್ಲ, ನಾಯಿ ಒಂದೇ ಸಮನೆ ಬೊಗಳುತ್ತಿದೆ. ಜವಾಬ್ದಾರಿಯುಳ್ಳವರು ನೀವು, ಕೋವಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀರಿ, ತೋಟೆಗಳನ್ನು ಬೇರೆಡೆ ಇಟ್ಟಿದ್ದೀರಿ. ಕೀಲಿ ಹುಡುಕಬೇಕು, ಕನ್ನಡಕ ಹುಡುಕಬೇಕು, ನಳಿಗೆ ಮಡಚಿ ತೋಟೆ ತುಂಬಬೇಕು. ಅಷ್ಟರಲ್ಲಿ ಒಳಗೆ ಬಂದವರು ನಾಲ್ಕು ಜನ, ಅವರು ವಾರದಿಂದ ನಿಮ್ಮ ಮನೆಯನ್ನು ನೋಡಿಕೊಂಡು ಹೋದವರು. ಇನ್ನೊಂದು ಸಾಧ್ಯತೆಯೂ ಇದೆ. ಅಂಗಳದಲ್ಲಿ ಕಂಡ ನೆರಳು ನಾಯಿಯ ಸದ್ದು ಕೇಳಿ ಓಡಿಬಂದ ಪಕ್ಕದ ಮನೆಯ ಹುಡುಗನದ್ದಾಗಿರಬಹುದು. ಹಂದಿಯೆಂದು ಭಾವಿಸಿ ಹಾರಿಸಿದ ಈಡು ಜೊತೆಗಾರನಿಗೇ ತಗುಲಿ ಸತ್ತ ಸುದ್ದಿ ನಮ್ಮ ಮಲೆನಾಡಿಗೆ ಹೊಸದಲ್ಲ. ಅವರೆಲ್ಲ ಕೋವಿ ಹಿಡಿದು ಪಳಗಿದ ಕೈಗಳೇ.

ಬೀಗ, ಕೀಲಿ ಯಾಕೆ, ತಲೆದಿಂಬಿನ ಪಕ್ಕದಲ್ಲೇ ತುಂಬಿದ ಕೋವಿ ಇಟ್ಟುಕೊಂಡರಾಯಿತು ಅನ್ನಬಹುದು. ಆಗ ಅಮೆರಿಕದ ಮಾತಿಗೆ ಬರಬೇಕಾಗುತ್ತದೆ. ಆಯುಧ ಹೊಂದುವ ಹಕ್ಕಿನ ಮಾತಾಡುವ ಅಲ್ಲಿನ ಸಂವಿಧಾನದ ಎರಡನೇ ತಿದ್ದುಪಡಿ 1791ರದ್ದು. ಮನೆಯಲ್ಲಿ ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 2008ರಲ್ಲಿ, ಅದೂ ಐದು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ನಿಂತು. ಆ ದೇಶದಲ್ಲಿ ಇಂದು ಜನರಿಗಿಂತ ಕೋವಿಗಳೇ ಹೆಚ್ಚು. 2021ರಲ್ಲಿ ಅಲ್ಲಿ ಗುಂಡಿಗೆ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು, 26 ಸಾವಿರಕ್ಕೂ ಮೀರಿ, ತಮ್ಮ ಪ್ರಾಣ ತಾವೇ ಕಳೆದುಕೊಂಡವರು. ಕ್ಯಾಲಿಫೋರ್ನಿಯಾದ ಎರಡೂವರೆ ಕೋಟಿಗೂ ಹೆಚ್ಚು ಜನರ ದಾಖಲೆ ಹಿಡಿದು ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಪಿಸ್ತೂಲು ಹೊಂದಿದ ಗಂಡಸರು ಹಾಗೆ ಗುಂಡಿಗೆ ಬಲಿಯಾಗುವ ಪ್ರಮಾಣ ಹೊಂದಿಲ್ಲದವರಿಗಿಂತ ಸುಮಾರು ಎಂಟು ಪಟ್ಟು. ಸಾಲ, ಅಡಿಕೆಗೆ ಬರುವ ಕೊಳೆರೋಗ, ಒಂಟಿತನ, ಮುಪ್ಪು, ಇವೆಲ್ಲ ಸೇರಿ ಮನಸ್ಸು ಕುಸಿಯುವ ಗಳಿಗೆ ನಮ್ಮ ಮನೆಗಳಲ್ಲೂ ಬರುತ್ತದೆ. ಆ ಗಳಿಗೆ ದಾಟಿದರೆ ಮನುಷ್ಯ ಬದುಕುತ್ತಾನೆ. ಕೈಗೆಟುಕುವ ಕೋವಿ ದಾಟಲು ಸಮಯ ಕೊಡುವುದಿಲ್ಲ. ಕಳ್ಳ ಬರದೇ ಇರಬಹುದು, ಕೋವಿ ಮಾತ್ರ ವರ್ಷವಿಡೀ ಮನೆಯಲ್ಲೇ ಇರುತ್ತದೆ. ನಿಮ್ಮ ಮನೆಯವರ ಹಟಕ್ಕೆ ಇದೇ ಕಾರಣವೋ ಏನೋ, ಒಮ್ಮೆ ಕೂತು ಕೇಳಿ.

ಕೊಡಗಿನ ವಿಷಯ ಬೇರೆಯೇ. ಆ ವಿನಾಯಿತಿ ಬ್ರಿಟಿಷರ ಕಾಲದ್ದು, 1861ರಷ್ಟು ಹಳೆಯದು. ಸ್ವಾತಂತ್ರ್ಯದ ನಂತರವೂ ಕೇಂದ್ರ ಸರ್ಕಾರ ಅದನ್ನು ಉಳಿಸಿಕೊಂಡಿತು. 2019ರ ಅಧಿಸೂಚನೆ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ಕೊಡವರಿಗೆ ಮತ್ತು ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಸಿಕ್ಕಿರುವ ಈ ವಿನಾಯಿತಿಯ ಹಿಂದೆ ಸೈನ್ಯಸೇವೆಯ ಚರಿತ್ರೆ ಇದೆ, ಆಚರಣೆ ಇದೆ. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಕೋವಿಯಿಟ್ಟು, ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜಿಸುತ್ತಾರೆ. ಗದ್ದೆ ಕೆಲಸ ಮುಗಿಯುವವರೆಗೆ ಆಯುಧ ಮುಟ್ಟದೆ ಇಡುವ ಪದ್ಧತಿಯೂ ಅಲ್ಲಿತ್ತು. ಹಿರಿಯರ ಕಣ್ಣೆದುರು, ಕಟ್ಟುಪಾಡಿನೊಳಗೆ ತಲೆಮಾರುಗಳಿಂದ ಬೆಳೆದ ಬಳಕೆ ಅದು. ಭಯಬಿದ್ದು ಕೊಂಡುತಂದ ಕೋವಿಗೆ ಆ ಕಟ್ಟುಪಾಡು ಎಲ್ಲಿಂದ ಬರಬೇಕು?

ನಮ್ಮ ಹೋರಾಟ ಬೇರೆ ಕಡೆ ನಡೆಯಬೇಕು. 112ಕ್ಕೆ ಫೋನ್ ಮಾಡೋಣವೆಂದರೆ ಎಷ್ಟೋ ಒಂಟಿ ಮನೆಗಳಲ್ಲಿ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಠಾಣೆ ಇಪ್ಪತ್ತು ಕಿಲೋಮೀಟರ್ ಆಚೆ, ಇರುವುದು ಒಂದು ಜೀಪು. ಟವರ್ ಕೊಡಿ, ರಾತ್ರಿ ಬೀಟ್ ಹೆಚ್ಚಿಸಿ, ಠಾಣೆಗೆ ಸಿಬ್ಬಂದಿ ಕೊಡಿ ಎಂದು ಪಂಚಾಯಿತಿಯಿಂದ ಶಾಸಕರವರೆಗೆ ಪಟ್ಟು ಹಿಡಿದು ಕೇಳಬೇಕಾದ್ದು ಇದನ್ನು. ಅಲ್ಲಿಯವರೆಗೆ ಒಡವೆಯನ್ನು ಬ್ಯಾಂಕ್ ಲಾಕರಿನಲ್ಲಿಡಿ, ಅಡಿಕೆ ಮಾರಿದ ಹಣ ಮನೆಯಲ್ಲಿಡಬೇಡಿ. ಇನ್ವರ್ಟರಿಗೆ ಸೇರಿಸಿದ ಸೈರನ್ ಒಂದನ್ನು ಮಾಡಿಗೆ ಹಾಕಿಸಿ, ಅದು ಕೂಗಿದರೆ ಸುತ್ತಲಿನ ನಾಲ್ಕು ಮನೆಯವರು ಬ್ಯಾಟರಿ ಹಿಡಿದು ಹೊರಬರಬೇಕೆಂದು ಈಗಲೇ ಮಾತಾಡಿಕೊಳ್ಳಿ.

ಇಷ್ಟರ ಮೇಲೂ ಕೋವಿ ಬೇಕೆನಿಸಿದರೆ ದಾರಿ ಮುಚ್ಚಿಲ್ಲ. 1959ರ ಆಯುಧ ಕಾಯ್ದೆಯ 13ನೇ ಕಲಮು ರಕ್ಷಣೆಗೆಂದು ಉದ್ದ ನಳಿಗೆಯ ಕೋವಿಗೂ, ಬೆಳೆ ಕಾಯಲು ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗೂ ಪರವಾನಗಿ ಕೇಳಲು ಅವಕಾಶ ಕೊಟ್ಟಿದೆ. ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕಿ, ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ ಮೇಲ್ಮನವಿ ಸಲ್ಲಿಸಿ. ಆದರೆ ಅರ್ಜಿಗೆ ಸಹಿ ಹಾಕುವ ಮುಂಚೆ ನಿಮ್ಮ ಮನೆಯವರ ಒಪ್ಪಿಗೆ ಪಡೆಯಿರಿ. ಆ ಕೋವಿಯ ಜೊತೆ ಒಂದೇ ಸೂರಿನಡಿ ಬದುಕಬೇಕಾದವರು ಅವರು.

ಇಂತಿ,
ಸಂಪಾದಕ