ಒಬ್ಬ ಸ್ಟಾರ್ ಬ್ಯಾಟರ್ ತರಬೇಕಾ, ನಾಲ್ಕು ಜನ ಸಾಧಾರಣದವರನ್ನಾ?

ನೀವು ಕೇಳಿರುವುದು ಇಷ್ಟು: ಜುಲೈ ಹೊತ್ತಿಗೆ ಬ್ಯಾಟಿಂಗ್ ಸೊರಗಿದ ಬೇಸ್‌ಬಾಲ್ ತಂಡ ಟ್ರೇಡ್‌ಗೆ, ಅಂದರೆ ಬೇರೆ ತಂಡದೊಂದಿಗೆ ಆಟಗಾರರ ವಿನಿಮಯಕ್ಕೆ, ಕೈ ಹಾಕಿದರೆ ದೊಡ್ಡ ಹೆಸರಿನ ಒಬ್ಬನನ್ನು ತರಬೇಕಾ, ಕಡಿಮೆ ಬೆಲೆಗೆ ಸಿಗುವ ಮೂರ್ನಾಲ್ಕು ಜನರನ್ನಾ? ಹೆಚ್ಚಿನ ಸಲ ನನ್ನ ಓಟು ಎರಡನೆಯದಕ್ಕೆ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಸುಲಭಕ್ಕೆ ಒಗ್ಗುವುದಿಲ್ಲ. ಕೊಹ್ಲಿ ಕಚ್ಚಿಕೊಂಡು ನಿಂತರೆ ಇಪ್ಪತ್ತು ಓವರೂ ಆಡಿಬಿಡಬಹುದು. ಬೇಸ್‌ಬಾಲ್‌ನಲ್ಲಿ ಎಂಥಾ ಬ್ಯಾಟರ್ ಆದರೂ ಒಮ್ಮೆ ಆಡಿದ ಮೇಲೆ ಉಳಿದ ಎಂಟು ಜನರ ಸರದಿ ಮುಗಿಯುವ ತನಕ ಕಾಯಬೇಕು. ಪಂದ್ಯಕ್ಕೆ ನಾಲ್ಕೈದು ಸಲ, ಮುಗಿಯಿತು. ಏಳನೆಯವನಾಗಿ ಇಳಿದು ಸುಮ್ಮನೆ ಔಟಾಗಿ ಬರುವವನಿಗೂ ಹೆಚ್ಚುಕಮ್ಮಿ ಅಷ್ಟೇ ಅವಕಾಶ. ಹಾಗಾಗಿ ಬರುವವನು ಎಷ್ಟು ದೊಡ್ಡವನು ಅನ್ನುವುದಕ್ಕಿಂತ ಯಾರ ಜಾಗಕ್ಕೆ ಬರುತ್ತಾನೆ ಅನ್ನುವುದೇ ಮುಖ್ಯ. ಚೆನ್ನಾಗಿ ಆಡುತ್ತಿರುವವನನ್ನು ಪಕ್ಕಕ್ಕೆ ಸರಿಸಿ ಅವನಿಗಿಂತ ಸ್ವಲ್ಪ ಮೇಲಿನವನನ್ನು ತಂದರೆ ಸಿಗುವುದು ಅಷ್ಟಕ್ಕಷ್ಟೆ. ಏನೂ ಆಡದವನ ಜಾಗಕ್ಕೆ ಪರವಾಗಿಲ್ಲ ಅನ್ನುವಂಥವನು ಬಂದರೂ ರನ್ ಕೂಡುತ್ತವೆ.

ಇದಕ್ಕೆ 2021ರ ಅಟ್ಲಾಂಟಾ ಬ್ರೇವ್ಸ್‌ಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಜುಲೈ 10ರಂದು ಮಯಾಮಿಯಲ್ಲಿ ಚೆಂಡು ಹಿಡಿಯಲು ಜಿಗಿದ ತಂಡದ ಸ್ಟಾರ್ ರೊನಾಲ್ಡ್ ಅಕುನ್ಯ ಜೂನಿಯರ್‌ಗೆ ಮಂಡಿಯ ಲಿಗಮೆಂಟ್ ಹರಿದು ಸೀಸನ್ನೇ ಮುಗಿಯಿತು. ಇನ್ನೊಬ್ಬ ಔಟ್‌ಫೀಲ್ಡರ್ ಮಾರ್ಸೆಲ್ ಒಝುನಾ ಅದಕ್ಕೂ ಮೊದಲೇ ತಂಡದಿಂದ ಹೊರಗಿದ್ದ. ಇನ್‌ಫೀಲ್ಡ್‌ಗೆ, ಅಂದರೆ ಒಳವಲಯದಲ್ಲಿ ನಿಲ್ಲುವವರಿಗೆ, ಏನೂ ಆಗಿರಲಿಲ್ಲ. ಫ್ರೀಮನ್, ಆಲ್ಬೀಸ್, ರೈಲಿ, ಸ್ವಾನ್ಸನ್ ನಾಲ್ವರೂ ಆ ವರ್ಷ 25ಕ್ಕಿಂತ ಹೆಚ್ಚು ಹೋಮ್ ರನ್ (ನಮ್ಮ ಸಿಕ್ಸರ್‌ನ ಹಾಗೆ ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ) ಹೊಡೆದರು. ಹೊರವಲಯ, ಅಂದರೆ ಔಟ್‌ಫೀಲ್ಡ್, ಮಾತ್ರ ಖಾಲಿ ಖಾಲಿ.

ಜನರಲ್ ಮ್ಯಾನೇಜರ್ ಅಲೆಕ್ಸ್ ಆಂಥಾಪುಲಸ್ ಅಕುನ್ಯನಿಗೆ ಸಮನಾದವನನ್ನು ಹುಡುಕಲು ಹೋಗಲೇ ಇಲ್ಲ. ಜುಲೈ 15ಕ್ಕೆ ಶಿಕಾಗೊ ಕಬ್ಸ್ ತಂಡದಿಂದ ಜಾಕ್ ಪೀಡರ್‌ಸನ್. ಟ್ರೇಡ್‌ಗೆ ಕೊನೆಯ ಗಡುವಿನ ದಿನ, ಜುಲೈ 30ಕ್ಕೆ, ಆಡಮ್ ಡುವಾಲ್, ಹೋರ್ಹೆ ಸೊಲೇರ್, ಎಡ್ಡಿ ರೊಸಾರಿಯೊ. ಇಬ್ಬರು ಎಡಗೈ, ಇಬ್ಬರು ಬಲಗೈ, ಎದುರಿಗೆ ಯಾವ ಪಿಚರ್ (ಚೆಂಡೆಸೆಯುವವನು) ಬಂದರೂ ಹೊಂದಿಸಿಕೊಳ್ಳಬಹುದು. ಕೊಟ್ಟ ಬೆಲೆ ನೋಡಿದರೆ ನಗು ಬರುತ್ತದೆ. ರೊಸಾರಿಯೊಗೆ ಬದಲಾಗಿ ಹೋದವನು ವಯಸ್ಸಾದ ಪಾಬ್ಲೊ ಸ್ಯಾಂಡೊವಲ್. ರೊಸಾರಿಯೊನ ಹಳೆಯ ತಂಡ ಕ್ಲೀವ್‌ಲ್ಯಾಂಡ್ ಸ್ಯಾಂಡೊವಲ್‌ನನ್ನು ತಕ್ಷಣ ಕೈಬಿಟ್ಟಿತು. ಇತ್ತ ರೊಸಾರಿಯೊ ಗಾಯಾಳು, ಬ್ರೇವ್ಸ್ ಪರ ಮೈದಾನಕ್ಕಿಳಿದದ್ದೇ ಆಗಸ್ಟ್ ಕೊನೆಗೆ. ಸೊಲೇರ್‌ನ ಸರಾಸರಿ ಹಿಂದಿನ ತಂಡ ಕ್ಯಾನ್ಸಸ್ ಸಿಟಿಯಲ್ಲಿ .192, ಅಂದರೆ ಹತ್ತು ಪ್ರಯತ್ನಕ್ಕೆ ಎರಡು ಹಿಟ್ ಕೂಡ ಇಲ್ಲ. ಆ ಅಂಕಿಯಷ್ಟೇ ನೋಡಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ. ಆದರೆ 2019ರಲ್ಲಿ 48 ಹೋಮ್ ರನ್ ಹೊಡೆದು ಅಮೆರಿಕನ್ ಲೀಗ್‌ಗೇ ಮೊದಲಿಗನಾಗಿದ್ದವನೂ ಅವನೇ.

ಮುಂದಿನದು ಈಗ ದಾಖಲೆ. ರೊಸಾರಿಯೊ ನ್ಯಾಷನಲ್ ಲೀಗ್ ಫೈನಲ್‌ನ ಎಂವಿಪಿ (ಸರಣಿಯ ಅತ್ಯುತ್ತಮ ಆಟಗಾರ), ಸೊಲೇರ್ ಎರಡೂ ಲೀಗ್‌ಗಳ ವಿಜೇತರು ಆಡುವ ವರ್ಲ್ಡ್ ಸೀರೀಸ್‌ನ ಎಂವಿಪಿ, ಕಪ್ ಅಟ್ಲಾಂಟಾಗೆ.

ಬ್ರೇವ್ಸ್ ಇದ್ದ ಅದೇ ಡಿವಿಷನ್‌ನಲ್ಲಿ (ಲೀಗ್‌ನೊಳಗಿನ ಗುಂಪಿನಲ್ಲಿ), ಅದೇ ಗಡುವಿನ ದಿನ, ಮೊದಲ ಸ್ಥಾನದಲ್ಲಿದ್ದ ನ್ಯೂಯಾರ್ಕ್ ಮೆಟ್ಸ್ ಏನು ಮಾಡಿತು ಅನ್ನುವುದನ್ನೂ ನೋಡಿ. ಅವರ ಸ್ಟಾರ್ ಲಿಂಡೋರ್ ಗಾಯಗೊಂಡಿದ್ದ, ಸರಿ, ಕಬ್ಸ್‌ನಿಂದ ಹಾವಿಯೆರ್ ಬಾಯೆಝ್‌ನನ್ನು ತಂದರು. ಬಾಯೆಝ್ ಮೋಸ ಮಾಡಲಿಲ್ಲ, .299 ಸರಾಸರಿಯಲ್ಲಿ ಆಡಿದ. ಅವನೊಬ್ಬನಿಂದ ಏನಾಗಬೇಕು? ತಂಡ 77 ಗೆಲುವು, 85 ಸೋಲಿಗೆ ಕುಸಿಯಿತು, ಅವನು ಸೀಸನ್ ಮುಗಿದೊಡನೆ ಡೆಟ್ರಾಯ್ಟ್‌ಗೆ ಹೊರಟ. ಅವನಿಗಾಗಿ ಬಿಟ್ಟುಕೊಟ್ಟ ಹುಡುಗನ ಹೆಸರು ಪೀಟ್ ಕ್ರೋ-ಆರ್ಮ್‌ಸ್ಟ್ರಾಂಗ್. 2025ರಲ್ಲಿ ಕಬ್ಸ್ ಪರ 31 ಹೋಮ್ ರನ್, 35 ಸ್ಟೀಲ್ (ಕದ್ದು ಓಡಿ ಮುಂದಿನ ಬೇಸ್ ಹಿಡಿಯುವುದು)! ಎರಡು ತಿಂಗಳ ಬಾಡಿಗೆಗೆ ಮನೆ ಪತ್ರವನ್ನೇ ಬರೆದುಕೊಟ್ಟ ಹಾಗಾಯಿತು.

ಗಡುವಿನ ನಂತರ ಉಳಿಯುವುದು ಸುಮಾರು 55 ಪಂದ್ಯ. ಅಷ್ಟರಲ್ಲಿ ಯಾರ ಫಾರ್ಮ್ ಎತ್ತ ಹೋಗುತ್ತದೆ ಎಂದು ಹೇಳಲಾಗದು. 2025ರಲ್ಲಿ ಸಿಯಾಟಲ್ ಯುಹೇನಿಯೊ ಸುವಾರೆಸ್‌ನನ್ನು ತಂದಾಗ ಅವನ ಖಾತೆಯಲ್ಲಿ 36 ಹೋಮ್ ರನ್ ಇತ್ತು, ಸಿಯಾಟಲ್‌ನಲ್ಲಿ ಸರಾಸರಿ .189ಕ್ಕೆ ಬಿತ್ತು. ಅಕ್ಟೋಬರ್‌ನಲ್ಲಿ ಲೀಗ್ ಫೈನಲ್‌ನಲ್ಲಿ ಟೊರಾಂಟೊ ವಿರುದ್ಧ ಐದನೇ ಪಂದ್ಯ ಗೆಲ್ಲಿಸಿದ ಗ್ರ್ಯಾಂಡ್ ಸ್ಲ್ಯಾಮ್ (ಒಂದೇ ಹೊಡೆತಕ್ಕೆ ನಾಲ್ಕು ರನ್) ಹೊಡೆದದ್ದೂ ಅವನೇ, ಅದು ಬೇರೆ ಮಾತು. ಇಷ್ಟು ಅನಿಶ್ಚಿತ ಇರುವ ಕಡೆ ಎಲ್ಲ ದುಡ್ಡನ್ನೂ ಒಂದೇ ಹೆಸರಿನ ಮೇಲೆ ಕಟ್ಟುವುದಕ್ಕೆ ನನಗಂತೂ ಧೈರ್ಯ ಬರುವುದಿಲ್ಲ.

ಸ್ಟಾರ್‌ನನ್ನು ತರಲೇಬಾರದು ಅಂತಲ್ಲ. ಅವನ ಕಾಂಟ್ರಾಕ್ಟ್ ಹಕ್ಕು ಇನ್ನೂ ಎರಡು ಮೂರು ವರ್ಷ ನಿಮ್ಮ ಕೈಯಲ್ಲಿರುತ್ತದೆ ಅಂದರೆ ಲೆಕ್ಕ ಬೇರೆ. 2022ರ ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನ ಸ್ಟಾರ್ ಹುವಾನ್ ಸೊಟೊಗಾಗಿ ಸ್ಯಾನ್ ಡಿಯಾಗೊ ಪಾಡ್ರೆಸ್ ಅಷ್ಟೊಂದು ಹುಡುಗರನ್ನು ಕೊಟ್ಟದ್ದು ಆ ಧೈರ್ಯದ ಮೇಲೆ, 2024ರ ತನಕ ಅವನು ತಮ್ಮವನೇ ಎಂದು. ಆದರೂ 2023ರ ಡಿಸೆಂಬರ್‌ನಲ್ಲಿ ಅವನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟರು. ಸೊಟೊಗಾಗಿ ಕೊಟ್ಟ ಹುಡುಗರಲ್ಲಿ ಏಬ್ರಮ್ಸ್, ಗೋರ್, ವುಡ್ ಮೂವರೂ ವಾಷಿಂಗ್ಟನ್‌ನಲ್ಲಿ ಆಲ್-ಸ್ಟಾರ್ ಆದರು.

ನಿಮ್ಮ ತಂಡದ ವಿಷಯಕ್ಕೆ ಬಂದರೆ, ಮೊದಲು ಕ್ರಮಾಂಕದ ಒಂಬತ್ತೂ ಹೆಸರು ಬರೆದು ಕೆಳಗಿನ ಮೂರನ್ನು ನೋಡಿ. ಆಮೇಲೆ ಪಾಯಿಂಟ್ ಪಟ್ಟಿ. ಅಂತರ ತೀರಾ ದೊಡ್ಡದಾಗಿದ್ದರೆ ಕೊಳ್ಳುವ ಮಾತೇ ಬೇಡ, ಮಾರುವ ಕಡೆ ನಿಲ್ಲಿ. ಹತ್ತಿರದಲ್ಲಿದ್ದೀರಿ ಅಂದರೆ ಮಾತ್ರ ಫೋನೆತ್ತಿ. 2021ರ ಬ್ರೇವ್ಸ್ ಗೆದ್ದದ್ದು ಬರೀ 88 ಪಂದ್ಯ, ಪ್ಲೇಆಫ್‌ಗೆ ಬಂದ ಹತ್ತು ತಂಡಗಳಲ್ಲೇ ಅತಿ ಕಡಿಮೆ.